ಮಳೆಯಿಲ್ಲದೆ ತುಂಬಿದ ಹೊಳೆ, ಕೀವಿಲ್ಲದೆ ಬಂದ ಜ್ವರ

ಕೀಮೋ ಹಾಕಿಸಿಕೊಂಡು ಊರಿಗೆ ಮರಳಿದ ಕೂಸಿಗೆ ಎಂಟನೆಯ ದಿನವೋ ಹತ್ತನೆಯ ದಿನವೋ ಮೈ ಸುಡತೊಡಗಿತೆಂದರೆ, ಸುರಪುರ ಸೀಮೆಯ ಮನೆಗಳಲ್ಲಿ ಮೊದಲು ಏಳುವ ಮಾತು ‘ಜ್ವರ ಯಾಕ ಬಂದಾವು?’ ಎಂಬುದು. ಅಜ್ಜಿ ಒಂದು ಕಾರಣ ಹೇಳುತ್ತಾಳೆ, ಓಣಿಯವರು ಇನ್ನೊಂದು. ನೆದರು ಬಿದ್ದಿರಬೇಕು. ಹೊತ್ತು ಮುಳುಗುವಾಗ ಹೊರಗೆ ಒಯ್ದದ್ದಕ್ಕೆ ಗಾಳಿ ಬಡಿದಿರಬೇಕು. ಮರಗಮ್ಮನಿಗೋ ತಿಂಥಣಿ ಮೌನೇಶ್ವರನಿಗೋ ಹೊತ್ತ ಹರಕೆ ಬಾಕಿ ಉಳಿದಿರಬೇಕು. ನೋಡಲು ಬಂದವರೆಲ್ಲ ತಮ್ಮ ತಮ್ಮ ಕಾರಣ ಹೇಳಿ ಎದ್ದುಹೋದ ಮೇಲೆ ತಾಯಿಯ ಪಾಲಿಗೆ ಒಂದೇ ಉಳಿಯುತ್ತದೆ: ‘ನಾವು ಏನು ಪಾಪ ಮಾಡಿದ್ವೋ.’

ಆಸ್ಪತ್ರೆ ಮುಟ್ಟಿದರೆ ಅಲ್ಲಿಯೂ ಕೇಳುವುದು ಇದೇ ಪ್ರಶ್ನೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವಿಗೆ ಜ್ವರ ಯಾಕೆ ಬಂತು ಎಂಬುದು ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ದಿನ ಬೆಳಗಾದರೆ ಎದುರಾಗುವ ಸಮಸ್ಯೆ. ಬಹಳ ಸಲ ಉತ್ತರ ಸಿಗದೇ ಮುಗಿದುಹೋಗುವ ಸಮಸ್ಯೆಯೂ ಹೌದು. ಉತ್ತರ ಸಿಗದಿದ್ದಾಗ ಏನು ಮಾಡಬೇಕು ಎಂಬಲ್ಲಿ ವೈದ್ಯಶಾಸ್ತ್ರ ಮತ್ತು ಧರ್ಮ ಎರಡೂ ಪರೀಕ್ಷೆಗೆ ಕೂರುತ್ತವೆ.

ಮೊದಲು ಮೈಯೊಳಗೆ ನಡೆಯುವುದನ್ನು ನೋಡಬೇಕು. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಔಷಧ ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತಿರುವ ಒಳ್ಳೆಯ ಕಣಗಳನ್ನೂ ಬಿಡುವುದಿಲ್ಲ. ರಕ್ತದ ಒಂದು ಮೈಕ್ರೊಲೀಟರಿನಲ್ಲಿ 1500ಕ್ಕೂ ಹೆಚ್ಚಿರಬೇಕಾದ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು, ಕೀಮೋ ಆದ ಒಂದೆರಡು ವಾರದೊಳಗೆ 500ಕ್ಕಿಂತ ಕೆಳಗೆ ಇಳಿಯುತ್ತವೆ. ಒಮ್ಮೊಮ್ಮೆ ಸೊನ್ನೆ ಮುಟ್ಟುತ್ತವೆ. ಈ ಕಣ ಕಡಿಮೆಯಾದಷ್ಟೂ, ಕಡಿಮೆಯಾಗಿ ಉಳಿದ ದಿನಗಳು ಹೆಚ್ಚಿದಷ್ಟೂ ಸೋಂಕು ಹೆಚ್ಚುತ್ತದೆ ಎಂದು ಅಮೆರಿಕದ ಜೆರಾಲ್ಡ್ ಬೋಡಿ ಮತ್ತು ಸಂಗಡಿಗರು 1966ರಲ್ಲೇ ಲೆಕ್ಕ ಹಾಕಿ ತೋರಿಸಿದರು. ಅಂಥ ಮಗುವಿಗೆ 101 ಡಿಗ್ರಿ ಫ್ಯಾರನ್‌ಹೀಟ್ ಒಮ್ಮೆ ಬಂದರೂ, 100.4 ಒಂದು ತಾಸು ನಿಂತರೂ ತುರ್ತು ಸ್ಥಿತಿ ಎಂದೇ ಲೆಕ್ಕ. ಬೇಸಿಗೆಯಲ್ಲಿ ಸುರಪುರದ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ಮೈ ಮುಟ್ಟಿ ನೋಡಿ ‘ಬಿಸಿಲಿನ ಕಾವು’ ಎಂದು ಸುಮ್ಮನಾಗುವುದು ಸುಲಭ. ಆದ್ದರಿಂದಲೇ ಮನೆಗೆ ಕಳಿಸುವಾಗ ಔಷಧದ ಚೀಟಿಯ ಜೊತೆ ಥರ್ಮಾಮೀಟರ್ ಇಟ್ಟುಕೊಳ್ಳಲು ಹೇಳುತ್ತಾರೆ. ಅಳೆಯದೆ ಪ್ಯಾರಾಸಿಟಮಾಲ್ ಕುಡಿಸಬೇಡಿರೆಂದೂ ಎಚ್ಚರಿಸುತ್ತಾರೆ. ಜ್ವರ ಇಳಿದರೆ ಸುಳಿವೂ ಅದರ ಜೊತೆಗೇ ಅಳಿಸಿಹೋಗುತ್ತದೆ.

ಬೇರೆ ಸುಳಿವು ಇರುವುದಿಲ್ಲವೇ? ಕಷ್ಟ ಇರುವುದೇ ಅಲ್ಲಿ. ಕೀವು ಎಂದರೆ ಬಹುಮಟ್ಟಿಗೆ ಹೋರಾಡಿ ಸತ್ತ ನ್ಯೂಟ್ರೊಫಿಲ್‌ಗಳೇ. ಅವೇ ಇಲ್ಲದ ಮೈಯಲ್ಲಿ ಗಾಯ ಕೆಂಪಾಗುವುದಿಲ್ಲ, ಬಾಯುವುದಿಲ್ಲ, ಕೀವು ಕಟ್ಟುವುದಿಲ್ಲ. ಪುಪ್ಪುಸದಲ್ಲಿ ನ್ಯುಮೋನಿಯಾ ಇದ್ದರೂ ಎಕ್ಸ್‌-ರೇ ಮೊದಲ ದಿನ ಸ್ವಚ್ಛವಾಗಿ ಕಾಣಬಹುದು. ಸ್ಟಿರಾಯ್ಡ್ ನಡೆದಿದ್ದರೆ ಜ್ವರವೂ ಬಾರದೆ ಮಗು ಕೈಕಾಲು ತಣ್ಣಗಾಗಿ ಕುಸಿಯಬಹುದು. ಎಷ್ಟೋ ಸಲ ಇಡೀ ಮೈ ಕೊಡುವ ಸಾಕ್ಷಿ ಥರ್ಮಾಮೀಟರಿನ ಆ ಒಂದು ಅಂಕೆ ಮಾತ್ರ.

ಕಾರ್ಯವನ್ನು ನೋಡಿ ಕಾರಣವನ್ನು ಊಹಿಸುವುದು ಭಾರತೀಯ ತರ್ಕಶಾಸ್ತ್ರಕ್ಕೆ ಹಳೆಯ ವಿಷಯ. ನ್ಯಾಯದರ್ಶನ ಇದಕ್ಕೆ ‘ಶೇಷವತ್’ ಅನುಮಾನ ಎಂದು ಹೆಸರಿಟ್ಟಿದೆ; ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉದಾಹರಣೆ ತುಂಬಿ ಹರಿಯುವ ಹೊಳೆಯದು. ಹೊಳೆ ತುಂಬಿದೆ, ಆದ್ದರಿಂದ ಮೇಲೆಲ್ಲೋ ಮಳೆಯಾಗಿದೆ. ಕೃಷ್ಣೆಯ ದಂಡೆಯವರಿಗೆ ಇದನ್ನು ಪುಸ್ತಕ ತೆಗೆದು ಕಲಿಸಬೇಕಿಲ್ಲ. ಸುರಪುರದ ಹೊಲದಲ್ಲಿ ಹನಿ ಬೀಳದೆ ತೊಗರಿ ಬಾಡುತ್ತಿರುವಾಗಲೇ ತಿಂಥಣಿಯಲ್ಲಿ ಹೊಳೆ ಕೆಂಪಾಗಿ ಉಕ್ಕುವುದನ್ನು ಅವರು ಆಷಾಢ ಶ್ರಾವಣಗಳಲ್ಲಿ ಕಂಡವರು. ಮಳೆ ಬಿದ್ದದ್ದು ಮಹಾಬಳೇಶ್ವರದ ಕಡೆ, ನೀರು ಬಂದದ್ದು ಇಲ್ಲಿಗೆ.

ಆದರೆ ನ್ಯಾಯಸೂತ್ರವೇ ಒಂದು ಆಕ್ಷೇಪವನ್ನೂ ಎತ್ತುತ್ತದೆ. ಹೊಳೆ ತುಂಬಲು ಮಳೆಯೇ ಆಗಬೇಕೇ? ಎಲ್ಲೋ ಒಡ್ಡು ಕಟ್ಟಿ ನೀರು ತಡೆದರೂ ತುಂಬೀತಲ್ಲ? ಅಂದಮೇಲೆ ನಿಮ್ಮ ಊಹೆ ನಂಬುವಂತಿಲ್ಲ. ಆ ಕಾಲದ ಪಂಡಿತರಿಗೆ ಇದು ವಾದದ ಮಾತಾಗಿತ್ತೋ ಏನೋ, ಈಗಿನ ಸುರಪುರದವರಿಗೆ ಕಣ್ಣೆದುರಿನ ಸಂಗತಿ. ನಾರಾಯಣಪುರದ ಬಸವಸಾಗರ ಜಲಾಶಯದ ಗೇಟು ಎತ್ತಿದರೆ ಹೊಳೆ ತುಂಬುತ್ತದೆ, ಇಳಿಸಿದರೆ ಇಳಿಯುತ್ತದೆ. 2019ರ ಆಗಸ್ಟಿನಲ್ಲಿ ಮೇಲಿನಿಂದ ಮಹಾಪೂರ ಬಂದಾಗ ನೀಲಕಂಠರಾಯನಗಡ್ಡಿಯ ಜನ ನಡುಗಡ್ಡೆಯಲ್ಲೇ ಸಿಕ್ಕಿಬಿದ್ದಿದ್ದರು. ಆಕ್ಷೇಪಕ್ಕೆ ನೈಯಾಯಿಕರು ಕೊಟ್ಟ ಉತ್ತರ ಸೊಗಸಾಗಿದೆ: ಬರೀ ನೀರು ಏರಿದ್ದನ್ನು ನೋಡಿ ಊಹಿಸಬೇಡ; ಸೆಳೆತ ಹೇಗಿದೆ ನೋಡು, ನೊರೆ ಇದೆಯೇ, ತೇಲಿ ಬರುವ ಎಲೆ, ಕಾಯಿ, ಕಟ್ಟಿಗೆ ಇವೆಯೇ ನೋಡು. ಒಂದು ಕಾರ್ಯಕ್ಕೆ ಹಲವು ಕಾರಣ ಇರಬಹುದು, ಗುರುತು ನೋಡಿ ಬೇರ್ಪಡಿಸು.

ಜ್ವರಕ್ಕೂ ಈ ಮಾತು ಹೊಂದುತ್ತದೆ. ಬ್ಯಾಕ್ಟೀರಿಯಾ ಇರಬಹುದು, ವೈರಸ್ ಇರಬಹುದು, ಆಸ್ಪರ್ಜಿಲಸ್‌ನಂಥ ಶಿಲೀಂಧ್ರ ಇರಬಹುದು. ನಮ್ಮ ಕಡೆಯ ಮಲೇರಿಯಾ, ಡೆಂಗಿ, ಟೈಫಾಯ್ಡ್, ಕ್ಷಯ ಇವನ್ನು ಮರೆಯುವಂತಿಲ್ಲ. ನಿನ್ನೆ ಏರಿಸಿದ ರಕ್ತದಿಂದಲೂ ಬರಬಹುದು, ಸೈಟರಬಿನ್‌ನಂಥ ಕೀಮೋ ಔಷಧದಿಂದಲೇ ಬರಬಹುದು, ಕ್ಯಾನ್ಸರಿನಿಂದಲೇ ಬರಬಹುದು. ಹೊಳೆಗೆ ನೊರೆ, ಎಲೆ, ಕಟ್ಟಿಗೆಯ ಗುರುತಾದರೂ ಇರುತ್ತದೆ. ಬಿಳಿ ಕಣ ಬತ್ತಿದ ಮಗುವಿನಲ್ಲಿ ಅವೇ ಮಾಯ.

ಅದಕ್ಕೇ ಆ ಪುಟ್ಟ ಬಾಟಲಿಯ ಮೇಲೆ ಅಷ್ಟು ಭರವಸೆ. ಬ್ಲಡ್ ಕಲ್ಚರ್ ಬಾಟಲಿ ಅಂಗೈಯಷ್ಟಿರುತ್ತದೆ. ಒಳಗೆ ಸೂಕ್ಷ್ಮಜೀವಿಗಳು ತಿಂದು ಬೆಳೆಯುವ ಸಾರು. ಮುಚ್ಚಳದ ರಬ್ಬರನ್ನು ಸ್ಪಿರಿಟ್ಟಿನಿಂದ ಒರೆಸಿ, ಆಂಟಿಬಯೋಟಿಕ್‌ ಕೊಡುವ ಮುಂಚೆಯೇ ಮಗುವಿನ ರಕ್ತವನ್ನು ಅದರೊಳಗೆ ಬಿಡಬೇಕು. ರಕ್ತ ತೀರ ಕಡಿಮೆಯಾದರೆ ಇದ್ದ ಕ್ರಿಮಿಯೂ ಸಿಗದೆ ಹೋಗಬಹುದು. ಮೊದಲೇ ರಕ್ತ ಕಡಿಮೆಯಿರುವ ಕೂಸಿನಿಂದ ಇನ್ನಷ್ಟು ತೆಗೆಯಲು ಮನಸ್ಸು ಬರುವುದಿಲ್ಲ. ಆಮೇಲೆ ಬಾಟಲಿಯನ್ನು ಯಂತ್ರದ ಬೆಚ್ಚಗಿನ ಗೂಡಿನಲ್ಲಿ ಇಡುತ್ತಾರೆ. ಒಳಗೆ ಜೀವ ಇದ್ದರೆ ಅದು ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಒಂದು ಬಗೆಯ ಬಾಟಲಿಯಲ್ಲಿ ತಳದ ಬಿಲ್ಲೆ ಹಸಿರುನೀಲಿಯಿಂದ ಹಳದಿಗೆ ತಿರುಗುತ್ತದೆ, ಯಂತ್ರ ಸದ್ದು ಮಾಡುತ್ತದೆ. ಬೆಳೆಯುವುದಿದ್ದರೆ ಹೆಚ್ಚಿನವು 24ರಿಂದ 48 ತಾಸಿನಲ್ಲಿ ಬೆಳೆದಿರುತ್ತವೆ. ಆದರೂ ಐದು ದಿನ ಕಾಯುತ್ತಾರೆ. ಬಹುಪಾಲು ಬಾಟಲಿಗಳಲ್ಲಿ ಬಣ್ಣ ಬದಲಾಗುವುದೇ ಇಲ್ಲ. ಇಂಥ ಜ್ವರಗಳಲ್ಲಿ ರಕ್ತದಲ್ಲಿ ಕ್ರಿಮಿ ಸಿಗುವುದು ಸುಮಾರಾಗಿ 100ಕ್ಕೆ 10ರಿಂದ 30 ಸಲ. ಅರ್ಧದಷ್ಟು ಸಲ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಸಲ, ಎಲ್ಲ ಪರೀಕ್ಷೆ ಮುಗಿದರೂ ಕಾರಣ ಗೊತ್ತಾಗುವುದಿಲ್ಲ. ಬಿಳಿ ಕಣ ಏರುತ್ತದೆ, ಜ್ವರ ಇಳಿಯುತ್ತದೆ, ಡಿಸ್ಚಾರ್ಜ್ ಚೀಟಿಯಲ್ಲಿ ‘ಕಾರಣ ತಿಳಿಯದ ಜ್ವರ’ ಎಂದು ಬರೆಯುತ್ತಾರೆ.

ಹೀಗೆ ಬರೆಯುವುದಕ್ಕೂ ಧೈರ್ಯ ಬೇಕು.

ವೈದ್ಯರು ಕಾರಣ ತಿಳಿಯುವವರೆಗೆ ಕೈಕಟ್ಟಿ ಕೂರುವುದಿಲ್ಲ. ಕೂತ ಕಾಲವೂ ಒಂದಿತ್ತು, ಆಗ ಬಾಟಲಿ ಉತ್ತರ ಹೇಳುವ ಮೊದಲೇ ರೋಗಿಗಳು ಸಾಯುತ್ತಿದ್ದರು. 1971ರಲ್ಲಿ ಬಾಲ್ಟಿಮೋರಿನ ಸ್ಟೀಫನ್ ಶಿಂಪ್ಫ್ ಮತ್ತು ಜೊತೆಗಾರರು ಜ್ವರ ಕಂಡ ಕೂಡಲೇ, ಕ್ರಿಮಿ ಯಾವುದೆಂದು ತಿಳಿಯುವ ಮುನ್ನವೇ ಎರಡು ಆಂಟಿಬಯೋಟಿಕ್ ಕೊಟ್ಟು ನೋಡಿದ ಫಲವನ್ನು ಪ್ರಕಟಿಸಿದರು. ಇಂದು ಜಗತ್ತಿನೆಲ್ಲೆಡೆ ಅದೇ ರೂಢಿ. ಮಗು ಬಾಗಿಲು ದಾಟಿದ 60 ನಿಮಿಷದೊಳಗೆ ಮೊದಲ ಡೋಸ್ ಹೋಗಿರಬೇಕು ಎಂಬುದು ಆಸ್ಪತ್ರೆಗಳು ತಮಗೆ ತಾವೇ ಹಾಕಿಕೊಂಡ ಗುರಿ.

ಇಲ್ಲಿ ಜಾಣನೊಬ್ಬ ಎದ್ದು ಕೇಳಬಹುದು: ಕಾರಣ ಗೊತ್ತಿಲ್ಲದೆ ಆಂಟಿಬಯೋಟಿಕ್ ಕೊಡುವುದಕ್ಕೂ ಕಾರಣ ಗೊತ್ತಿಲ್ಲದೆ ದೇವರ ಅಂಗಾರ ಹಚ್ಚುವುದಕ್ಕೂ ಏನು ವ್ಯತ್ಯಾಸ? ಎರಡೂ ಕತ್ತಲಲ್ಲಿ ಎಸೆದ ಕಲ್ಲೇ ತಾನೆ? ಪ್ರಶ್ನೆ ಒರಟಾಗಿದೆ, ಆದರೆ ತಳ್ಳಿಹಾಕುವಂಥದ್ದಲ್ಲ. ಉತ್ತರ ಆಮೇಲೆ ಏನು ನಡೆಯಿತು ಎಂಬುದರಲ್ಲಿದೆ. 1979ರಲ್ಲಿ ಫಿಲಿಪ್ ಪಿಜ್ಜೊ ಮತ್ತು ಸಂಗಡಿಗರು, ಕಾರಣ ಸಿಗದ ಜ್ವರದಲ್ಲಿ ಒಂದು ವಾರದ ಮೇಲೆ ಔಷಧ ನಿಲ್ಲಿಸಿದವರನ್ನೂ ಮುಂದುವರಿಸಿದವರನ್ನೂ ಹೋಲಿಸಿದರು. ಬಿಳಿ ಕಣ ಇನ್ನೂ ಏರದಿದ್ದಾಗ ನಿಲ್ಲಿಸಿದವರಲ್ಲಿ ಹಲವರಿಗೆ ಸೋಂಕು ತಿರುಗಿ ಬಂತು. ಆದ್ದರಿಂದ ಕಣ ಏರುವವರೆಗೆ ಕೊಡುತ್ತಲೇ ಇರಬೇಕೆಂಬ ನಿಯಮ ಬಂತು. ದಶಕಗಳ ನಂತರ, ಅಪಾಯ ಕಡಿಮೆಯಿರುವ ಮಕ್ಕಳಲ್ಲಿ ಕಲ್ಚರ್ ಖಾಲಿ ಬಂದು ಜ್ವರ ಇಳಿದಿದ್ದರೆ, ಕಣ ಏರಲು ಕಾಯದೆ 72 ತಾಸಿಗೆ ನಿಲ್ಲಿಸುವುದನ್ನು ಪರಿಗಣಿಸಬಹುದು ಎಂದು ಮಕ್ಕಳ ಮಾರ್ಗಸೂಚಿ ಸಡಿಲವಾಯಿತು. ತಾನು ಆಡಿದ ಮಾತನ್ನು ತಾನೇ ತಿದ್ದಿಕೊಂಡ ಇತಿಹಾಸ ಇದು. ಅಂಗಾರ ಹಚ್ಚಿದವರು ಫಲಿಸದವರ ಲೆಕ್ಕ ಇಟ್ಟದ್ದು ಉಂಟೇ? ಫಲಿಸದಿದ್ದರೆ ‘ನಿನ್ನ ಭಕ್ತಿ ಸಾಲದು’ ಎಂದು ತಪ್ಪನ್ನು ತಾಯಿಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದೇ ಹೆಚ್ಚು.

ಈ ತಪ್ಪು ಹೊರಿಸುವ ಕೆಲಸವೇ ಎಲ್ಲಕ್ಕಿಂತ ಕ್ರೂರವಾದದ್ದು. ಕರ್ಮದ ಮಾತು ಸಾಂತ್ವನಕ್ಕೆಂದು ಶುರುವಾಗುತ್ತದೆ, ಆರೋಪದಲ್ಲಿ ಮುಗಿಯುತ್ತದೆ. ಕೂಸು ಇನ್ನೂ ಪಾಪ ಮಾಡುವ ವಯಸ್ಸಿಗೆ ಬಂದಿಲ್ಲವಾದ್ದರಿಂದ ಪಾಪದ ಗಂಟು ಹಡೆದವರ ತಲೆಗೆ ಬರುತ್ತದೆ. ವಿಜ್ಞಾನದ ಲೆಕ್ಕ ಹೇಳುವುದೇ ಬೇರೆ. ಕ್ಯಾನ್ಸರ್ ಬಂದ ಮಕ್ಕಳಲ್ಲಿ ಹುಟ್ಟಿನಿಂದಲೇ ಅದರ ಕಡೆಗೆ ಒಲವಿರುವ ಜೀನ್ ದೋಷ ಕಾಣುವುದು 100ಕ್ಕೆ ಹತ್ತರ ಆಸುಪಾಸಿನಲ್ಲಿ ಮಾತ್ರ. ಅದೂ ಯಾರ ತಪ್ಪೂ ಅಲ್ಲ. ಇನ್ನು ಜ್ವರದ ಮಾತು. ಮೊಸರನ್ನ ತಿನ್ನಿಸಿದೆ, ನೆಂಟರನ್ನು ಒಳಗೆ ಬಿಟ್ಟೆ ಎಂದು ತಾಯಿ ಹಲುಬುತ್ತಾಳೆ. ಕಲ್ಚರಿನಲ್ಲಿ ಸಿಗುವ ಇ. ಕೊಲೈ, ಕ್ಲೆಬ್ಸಿಯೆಲಾಗಳು ಬಹಳ ಸಲ ಮಗುವಿನ ಕರುಳಲ್ಲೇ ವಾಸವಿದ್ದವು. ಸ್ಟೆಫಿಲೊಕಾಕಸ್ ಮಗುವಿನ ಚರ್ಮದ್ದೇ, ಸ್ಟ್ರೆಪ್ಟೊಕಾಕಸ್ ಬಾಯಿಯದೇ. ಕೀಮೋದಿಂದ ಕರುಳಿನ ಒಳಪದರ ಹರಿದಾಗ ಅವು ರಕ್ತಕ್ಕೆ ದಾಟುತ್ತವೆ, ಕಾವಲುಗಾರರಿಲ್ಲದ್ದರಿಂದ ಬೆಳೆಯುತ್ತವೆ. ಇದನ್ನು ತಾಯಿಯನ್ನು ಕೂರಿಸಿ ಕನ್ನಡದಲ್ಲಿ ಹೇಳುವುದು ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು.

ಕರ್ಮವೇ ಎಲ್ಲಕ್ಕೂ ಕಾರಣ ಎಂಬುದು ನಮ್ಮ ಧರ್ಮದ ಕೊನೆಯ ಮಾತು ಎಂದು ತಿಳಿದವರು ಬುದ್ಧನ ಒಂದು ಸಂವಾದವನ್ನು ನೋಡಬೇಕು. ಶಹಾಪುರದ ಗುಡ್ಡ ಮಲಗಿದ ಬುದ್ಧನಂತೆ ಕಾಣುತ್ತದೆಂದು ಜನ ರಸ್ತೆ ಬದಿ ನಿಂತು ಫೋಟೋ ತೆಗೆಯುತ್ತಾರೆ. ಭೀಮೆಯ ದಂಡೆಯ ಸನ್ನತಿ, ಕನಗನಹಳ್ಳಿಗಳಲ್ಲಿ ಬೌದ್ಧ ಸ್ತೂಪ, ಅಶೋಕನ ಶಾಸನ ಸಿಕ್ಕಿವೆ. ಅಂದರೆ ಈ ಸೀಮೆಗೆ ಬುದ್ಧ ಪರಕೀಯನಲ್ಲ. ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕನೆಂಬ ಪರಿವ್ರಾಜಕ ಬಂದು ಕೇಳುತ್ತಾನೆ: ಮನುಷ್ಯ ಉಣ್ಣುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಅನ್ನುತ್ತಾರಲ್ಲ, ನೀವೇನು ಹೇಳುತ್ತೀರಿ? ಬುದ್ಧ ಎಂಟು ಕಾರಣ ಎಣಿಸುತ್ತಾನೆ. ಪಿತ್ತ, ಕಫ, ವಾತ, ಇವು ಮೂರೂ ಕೂಡಿದ್ದು, ಋತು ಬದಲಾದದ್ದು, ಸರಿಯಾದ ಆರೈಕೆ ಇಲ್ಲದ್ದು, ಹೊರಗಿನ ಪೆಟ್ಟು, ಕೊನೆಗೆ ಕರ್ಮ. ಎಂಟರಲ್ಲಿ ಒಂದು. ಎಲ್ಲವನ್ನೂ ಅದಕ್ಕೇ ಕಟ್ಟುವವರು ತಾವು ಕಣ್ಣಾರೆ ಕಂಡದ್ದನ್ನೂ ಲೋಕ ಬಲ್ಲದ್ದನ್ನೂ ಮೀರಿ ಮಾತಾಡುತ್ತಾರೆ ಎಂಬುದು ಅವನ ತೀರ್ಮಾನ. ಯೋಹಾನನ ಸುವಾರ್ತೆಯಲ್ಲೂ ಇಂಥದೇ ಪ್ರಸಂಗ ಬರುತ್ತದೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಇವನದೋ ಹೆತ್ತವರದೋ ಎಂದು ಕೇಳಿದರೆ, ಯೇಸು ಎರಡನ್ನೂ ನಿರಾಕರಿಸುತ್ತಾನೆ.

ಪ್ರಶ್ನೆ ಅಷ್ಟಕ್ಕೇ ತೀರುವುದಿಲ್ಲ. ಸುರಪುರ ತಾಲ್ಲೂಕಿನ ಮುದನೂರು ದೇವರ ದಾಸಿಮಯ್ಯನ ಊರು. ಭೂಮಿ, ಬೆಳೆ, ಗಾಳಿ ಎಲ್ಲವೂ ಶಿವನ ಕೊಡುಗೆಯೆಂದು ನಂಬಿದ ಶರಣನವನು. ಎಲ್ಲವೂ ಕೊಡುಗೆಯಾದರೆ ಮೂರು ವರ್ಷದ ಕೂಸಿನ ಜ್ವರ ಯಾರ ಕೊಡುಗೆ? ಭಕ್ತ ಇದಕ್ಕೆ ತರ್ಕದ ಉತ್ತರ ಕೊಡಲಾರ, ಕೊಡಹೋದರೆ ಮಾತು ಕೃತಕವಾಗುತ್ತದೆ. ಎಷ್ಟೋ ಹಿರಿಯರು ಇಂಥಲ್ಲಿ ಸುಮ್ಮನೆ ಪಕ್ಕದಲ್ಲಿ ಕೂರುತ್ತಾರೆ. ಅದು ವಾದ ಮಾಡುವವರಿಗಿಂತ ಎಷ್ಟೋ ಮೇಲು.

ಮೊದಲೇ ಬರೆದಿಟ್ಟ ವಿಧಿಯ ಕಥೆ ಸುರಪುರಕ್ಕೆ ಚೆನ್ನಾಗಿ ಗೊತ್ತು. ಬಾಲಕ ರಾಜಾ ವೆಂಕಟಪ್ಪ ನಾಯಕನ ಕಾಲದಲ್ಲಿ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್, 1877ರಲ್ಲಿ ಅಚ್ಚಾದ ತನ್ನ ಆತ್ಮಕಥೆಯಲ್ಲಿ ಅದನ್ನು ಹೇಳಿದ್ದಾನೆ. ಹುಡುಗ 24ನೆಯ ವರ್ಷದಲ್ಲಿ ಸಾಯುವನೆಂದು ಜಾತಕ ನುಡಿದಿತ್ತು. ರಾಣಿ ಈಶ್ವರಮ್ಮ ಅದನ್ನು ನಂಬಿದ್ದಳು. ದಂಗೆಯೆದ್ದ ರಾಜ 1858ರಲ್ಲಿ ಸೆರೆಯಾಗಿ, ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ಸತ್ತ. ತಾನೇ ಹಾರಿಸಿಕೊಂಡನೋ, ಬೇರೆಯವರು ಹಾರಿಸಿದರೋ ಎಂದು ಸುರಪುರದಲ್ಲಿ ಇಂದಿಗೂ ವಾದ ನಡೆಯುತ್ತದೆ. ಜಾತಕ ನಿಜವಾಯಿತು ಎಂದವರು ಅಲ್ಲಿಗೆ ಬಾಯಿಮುಚ್ಚಿಕೊಳ್ಳುತ್ತಾರೆ. ಗುಂಡು ಯಾರದು ಎಂದು ಕೇಳುವವರು ಮಾತ್ರ ಇತಿಹಾಸವನ್ನು ಹುಡುಕುತ್ತಾರೆ.

ಆಯುಷ್ಯ ಮೊದಲೇ ಗೊತ್ತಾಗಿದೆಯೇ ಎಂದು ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಅಗ್ನಿವೇಶ ಗುರುವನ್ನು ಕೇಳುತ್ತಾನೆ. ಎಲ್ಲವೂ ಗೊತ್ತಾಗಿದ್ದರೆ ಮಂತ್ರವೂ ಬೇಡ, ಔಷಧವೂ ಬೇಡ, ಹೋಮವೂ ಬೇಡ, ಹಾವಿಗೆ ಹೆದರುವುದೂ ಬೇಡ ಎಂದು ಆತ್ರೇಯ ಉತ್ತರಿಸುತ್ತಾನೆ. ದೈವ, ಪುರುಷಪ್ರಯತ್ನ ಎರಡೂ ಇವೆ ಎನ್ನುತ್ತಾನೆ. ಅದೇ ಗ್ರಂಥ ಜ್ವರವನ್ನು ರುದ್ರನ ಕೋಪದಿಂದ ಹುಟ್ಟಿದ್ದೆಂದು ಕಥೆ ಹೇಳುತ್ತದೆ, ಕಥೆ ಮುಗಿಸಿ ಲಕ್ಷಣಗಳ ವಿಂಗಡಣೆಗೆ ಇಳಿಯುತ್ತದೆ. ಚಿಕಿತ್ಸೆಯನ್ನು ದೈವವನ್ನು ನೆಚ್ಚಿದ್ದು, ಯುಕ್ತಿಯನ್ನು ನೆಚ್ಚಿದ್ದು, ಮನಸ್ಸನ್ನು ಗಟ್ಟಿ ಮಾಡುವುದು ಎಂದು ಮೂರು ಮಾಡಿ, ಮೂರಕ್ಕೂ ಜಾಗ ಕೊಡುತ್ತದೆ. ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸಿದಾಗ ಮಾತ್ರ ಕೆಡುತ್ತದೆ. ಒಂಟೆಯನ್ನು ಕಟ್ಟು, ಆಮೇಲೆ ಅಲ್ಲಾನನ್ನು ನಂಬು ಎಂಬ ಪೈಗಂಬರರ ಮಾತು ಮುಸ್ಲಿಮರ ಮನೆಗಳಲ್ಲಿ ಪ್ರಸಿದ್ಧ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ತಿಂಥಣಿಯಲ್ಲಿ ಅದನ್ನು ವಿವರಿಸುವ ಅಗತ್ಯವಿಲ್ಲ.

ಆಚರಣೆಗೆ ಬಂದಾಗ ಈ ಜಾಗ ಹಂಚಿಕೆ ತೀರ ಸಣ್ಣ ಸಂಗತಿಗಳಲ್ಲಿ ನಿಲ್ಲುತ್ತದೆ. ತಾಯ್ತ ರಟ್ಟೆಗೆ ಕಟ್ಟಿದರೆ ತೊಂದರೆಯಿಲ್ಲ, ಔಷಧ ಏರಿಸಲು ಎದೆಗೆ ಹಾಕಿದ ಸೆಂಟ್ರಲ್ ಲೈನಿನ ಪಟ್ಟಿಯ ಮೇಲೆ ಬೇಡ. ಅಂಗಾರ ಹಣೆಗೆ ಸಾಕು, ಬಾಯಿಗೆ ಬೇಡ; ಕೀಮೋದಿಂದ ಬಾಯೊಳಗೆಲ್ಲ ಹುಣ್ಣಾಗಿರುತ್ತದೆ. ಹೊಳೆಯ ತೀರ್ಥ ಕುದಿಸದೆ ಕುಡಿಸಬಾರದು. ಮಲ್ಲಯ್ಯನ ಜಾತ್ರೆಯಲ್ಲಿ ಭಂಡಾರ ತೂರುವ ಗದ್ದಲಕ್ಕೆ ಕೂಸನ್ನು ಒಯ್ಯುವ ಬದಲು ತಂದೆಯೊಬ್ಬನೇ ಹೋಗಿಬಂದರೆ ದೇವರು ಮುನಿಯುವನೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಮುಡಿ ಕೊಡುವ ಹರಕೆ ಹೊತ್ತವರ ಕೂಸಿನ ತಲೆಯಂತೂ ಔಷಧದಿಂದ ಮೊದಲೇ ಬೋಳಾಗಿರುತ್ತದೆ. ಕೂದಲು ತಿರುಗಿ ಬರುವವರೆಗೆ ದೇವರೂ ಕಾಯಲೇಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಯಾವ ಬಾಟಲಿಯಲ್ಲೂ ಬೆಳೆಯದ ಒಂದು ಕಾರಣ ಉಳಿಯುತ್ತದೆ. ಸಿರಿವಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ 100ಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಆ ಅಂಕೆ ಎಷ್ಟೋ ಕೆಳಗಿದೆ. 2030ರೊಳಗೆ ಜಗತ್ತಿನೆಲ್ಲೆಡೆ ಕನಿಷ್ಠ 60 ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಇಟ್ಟಿತು. ಸುರಪುರದಿಂದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕಲಬುರಗಿ ಕೇಂದ್ರಕ್ಕೆ ಶಹಾಪುರ, ಜೇವರ್ಗಿ ದಾಟಿ 100 ಕಿಲೋಮೀಟರಿಗೂ ಮಿಕ್ಕಿದ ದಾರಿ. 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಬೇಕಾದರೆ ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್‌ನಂಥ ಗಾಡಿಗೆ ಕಾಯಬೇಕು, ಸುಮಾರು 500 ಕಿಲೋಮೀಟರ್. 60 ನಿಮಿಷದ ಲೆಕ್ಕ ಶುರುವಾಗುವುದು ಆಸ್ಪತ್ರೆಯ ಬಾಗಿಲಲ್ಲಿ. ಕ್ರಿಮಿ ಬಾಗಿಲಿಗಾಗಿ ಕಾಯುವುದಿಲ್ಲ. ಬುದ್ಧನ ಪಟ್ಟಿಯಲ್ಲಿದ್ದ ‘ಸರಿಯಾದ ಆರೈಕೆ ಇಲ್ಲದ್ದು’ ಎಂಬ ಕಾರಣಕ್ಕೆ ಈ ದೂರವನ್ನೂ ಸೇರಿಸಬಹುದು. ‘ಯಾಕೆ’ ಎಂದು ದೇವರನ್ನು ಕೇಳುವ ಹಕ್ಕು ತಾಯಿಗಿದೆ. ಉಳಿದವರು ಅದನ್ನು ಜಿಲ್ಲಾ ಪಂಚಾಯಿತಿಯಲ್ಲಿ, ವಿಧಾನಸೌಧದಲ್ಲಿ ಕೇಳಬೇಕು. ಯಾದಗಿರಿಗೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಕೀಮೋ ಕಾರ್ಡು ಹಿಡಿದು ಬಂದ ಮಗುವಿನ ರಕ್ತವನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಕಲ್ಚರ್ ಬಾಟಲಿಗೆ ತುಂಬಿ, ದೊಡ್ಡ ಕೇಂದ್ರದ ವೈದ್ಯರಿಗೆ ಫೋನು ಮಾಡಿ, ಮೊದಲ ಡೋಸ್ ಅಲ್ಲೇ ಕೊಟ್ಟು ಆಂಬುಲೆನ್ಸ್ ಹತ್ತಿಸುವುದಕ್ಕೆ ಹೊಸ ಶಾಸ್ತ್ರ ಬೇಕಾಗಿಲ್ಲ. ಬಾಟಲಿಯನ್ನು ಮಗುವಿನ ಜೊತೆಗೇ ಕಳಿಸಬಹುದು. ಫ್ರಿಜ್ಜಿನಲ್ಲಿ ಮಾತ್ರ ಇಡಬಾರದು.